ಪೂರ್ವಕ್ಕೆ ನಿಲ್ಲದ ಬಾಗಿಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕುಣಿಗಲ್ ದೊಡ್ಡಕೆರೆಯಲ್ಲಿ ವಾಸವಿದ್ದೆ. ದಡದಲ್ಲಲ್ಲ, ನೀರಿನ ಮೇಲೆ. ಮೀನಿನ ಗುತ್ತಿಗೆದಾರನೊಬ್ಬ ಬಲೆ ಕಾಯುವ ನನಗೆಂದು ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹೊಡೆಸಿ, ತಗಡಿನ ಕೋಣೆ ನಿಲ್ಲಿಸಿದ್ದ. ಅದನ್ನು ದೋಣಿಮನೆ ಎನ್ನುತ್ತಿದ್ದೆವು. ದೋಣಿಯ ಚುರುಕೂ ಅದಕ್ಕಿರಲಿಲ್ಲ, ಮನೆಯ ಗಾಂಭೀರ್ಯವೂ ಇರಲಿಲ್ಲ. ಬಾಡಿಗೆಯಿಲ್ಲ ಎಂಬ ಒಂದೇ ಸದ್ಗುಣಕ್ಕೆ ನಾನು ಮಾರುಹೋಗಿದ್ದೆ.

ಆ ಸದ್ಗುಣ ಬೇರೆ ದಾರಿಯಲ್ಲಿ ವಸೂಲಾಗುತ್ತಿತ್ತು. ಡ್ರಮ್ಮಿಗೆ ತುಕ್ಕು ಹಿಡಿಯದಂತೆ ಮತ್ತೆ ಮತ್ತೆ ಡಾಂಬರು ಬಳಿಯಬೇಕು. ಉಪ್ಪು ನೀರಾಗುತ್ತಿತ್ತು, ಬೆಂಕಿಕಡ್ಡಿ ಮೆತ್ತಗಾಗುತ್ತಿತ್ತು. ಸುತ್ತ ಅಷ್ಟು ನೀರಿದ್ದರೂ ಕುಡಿಯುವ ನೀರಿಗೆ ಹರಿಗೋಲು ಹಾಕಿಕೊಂಡು ದಡದ ಬೋರ್‌ವೆಲ್ಲಿಗೆ ಹೋಗಬೇಕು. ಇತರ ಅಗತ್ಯಗಳಿಗೂ ಅದೇ ಹರಿಗೋಲು. ಅವಸರವನ್ನು ಮುಂಚಿತವಾಗಿ ಊಹಿಸುವ ವಿದ್ಯೆ ಆಗ ಸಿದ್ಧಿಸಿತು.

ಮದುವೆಯಾದಾಗ ಹೆಂಡತಿಯನ್ನೂ ಅಲ್ಲಿಗೇ ಕರೆತರುವುದೆಂದಾಯಿತು. ಗೂಳೂರಿನ ಮಾವನವರು ಷರತ್ತು ಹಾಕಿದರು: ಪೂರ್ವದ ಬಾಗಿಲಿನ ಮನೆಯಲ್ಲಿ ಹಾಲು ಉಕ್ಕಿದರೆ ಮಗಳು ಉಳಿಯುತ್ತಾಳೆ, ಇಲ್ಲವಾದರೆ ತಮ್ಮ ಜೊತೆಗೇ ವಾಪಸ್ಸು. ನಾನು ಹಿಂದಿನ ದಿನವೇ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿ, ಹಗ್ಗಕ್ಕೆ ಕಲ್ಲು ಕಟ್ಟಿ ಕೆರೆಗೆ ಇಳಿಬಿಟ್ಟು, ತೋರಣ ಕಟ್ಟಿದೆ. ಮನೆಯೆಂದ ಮೇಲೆ ನಿಲ್ಲಿಸಿದ ಕಡೆ ನಿಲ್ಲುತ್ತದೆ ಎಂದು ನಂಬಿದ್ದೆ.

ಬೆಳಿಗ್ಗೆ ಮಾವ ಮಗಳ ಜೊತೆ, ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಂದರು. ಹೊಸ್ತಿಲಿಗೆ ಅರಿಶಿನ ಕುಂಕುಮವಾಯಿತು, ಸ್ಟವ್ ಮೇಲೆ ಹಾಲು ಕೂತಿತು. ಗಾಳಿ ಬೀಸಿತು. ಬಾಗಿಲಲ್ಲಿದ್ದ ಬಿಸಿಲು ಮೆಲ್ಲಗೆ ಕಿಟಕಿಗೆ ಹೋಯಿತು.

"ಏನ್ ಅಳಿಯಂದಿರೇ, ಸೂರ್ಯ ಎತ್ಲಾಗೆ ಹೊಂಟವ್ನೆ?"

"ಸೂರ್ಯ ಅಲ್ಲೇ ಅವ್ನೆ ಮಾವ. ನಾವೇ ಒಸಿ..."

"ಇದು ದಕ್ಷಿಣ ಕಣ್ರೀ! ಯಮನ ದಿಕ್ಕು! ಆರ್ಸವ್ವ ಸ್ಟವ್ವು, ನಡಿ ಊರಿಗೆ."

ಹೆಂಡತಿ ಆರಿಸಲಿಲ್ಲ. ಗಾಳಿಗೆ ಸೆರಗು ಅಡ್ಡ ಹಿಡಿದು ನನ್ನತ್ತ ನೋಡಿದಳು. "ಏನ್ ನೋಡ್ತಾ ನಿಂತಿದೀರಾ? ಹಿಡ್ಕಂಡು ತಿರುಗ್ಸಿ!"

ಮದುವೆಯಾದ ಮೇಲೆ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತದು. ರೇಷ್ಮೆ ಪಂಚೆಯಲ್ಲೇ ಹರಿಗೋಲಿಗೆ ಹಾರಿ, ಮನೆಯ ಮೂಲೆಗೆ ಹಗ್ಗ ಬಿಗಿದು ಹುಟ್ಟು ಹಾಕತೊಡಗಿದೆ. ಗೃಹವನ್ನೇ ಎಳೆದುಕೊಂಡು ಗೃಹಪ್ರವೇಶ ಮಾಡಿಸಿದ ಗೃಹಸ್ಥರು ಆ ಸೀಮೆಯಲ್ಲಿ ಇದ್ದಂತಿಲ್ಲ. ಬಿಸಿಲು ಹಿಂದಕ್ಕೆ ಸರಿದು ಬಾಗಿಲು ಹೊಕ್ಕಿತು.

"ಉಕ್ತು!" ಎಂದು ಒಳಗಿಂದ ಕೂಗಿದಳು.

ನಾನು ಹುಟ್ಟು ಕೆಳಗಿಡುವಷ್ಟರಲ್ಲಿ ಮಾವ ತಲೆ ಹೊರಹಾಕಿದರು: "ಕೈ ಬುಡ್ಬೇಡಿ ಅಳಿಯಂದಿರೇ, ಮಂಗಳಾರತಿ ಆಗ್ಲಿ!"

ಸಂಜೆ ಮಾವನವರನ್ನು ಒಬ್ಬರನ್ನೇ ದಡ ಮುಟ್ಟಿಸಿ ಬಂದೆ. ಬಾಗಿಲು ಉತ್ತರಕ್ಕಿತ್ತು. ಅವಳು ಅದರಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.