ಎರಡು ಗುಂಡುಪಿನ್ನುಗಳ ನಡುವೆ

ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಅವರು ಎಲ್ಲರಿಗೂ ಕತ್ತರಿಯಕ್ಕ. ಮಾತು ಕಡಿಮೆ, ತುಟಿಯಲ್ಲಿ ಸದಾ ಗುಂಡುಪಿನ್ನು. ಹೊಸ ಅಳತೆ ಬಂದರೆ ಮೊದಲು ಹಳೆಯ ಪತ್ರಿಕೆಯನ್ನು ಕತ್ತರಿಸಿ ನೋಡುವುದು ಅವರ ಪದ್ಧತಿ. ನಗುವವರು ನಗಲಿ, ಅವರ ಕೈಯಲ್ಲಿ ಬಟ್ಟೆ ಹಾಳಾದದ್ದನ್ನು ಕಂಡವರಿಲ್ಲ.

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ನಿಲುವಂಗಿ ಹೊಲಿಯುವ ಕೆಲಸ ಬಂತು. ಯಜಮಾನರ ಸೊಸೆ ಅಳತೆಗಳನ್ನೆಲ್ಲ ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಹಾಕಿದಳು. ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ನಾಳೆಯಿಂದ ನೀವು ಗುಂಡಿ ಹಚ್ಚೋ ಮೇಜಿಗೆ ಹೋಗಿ ಅಕ್ಕ. ಅಳತೆ ಇದೇ ಹೇಳತ್ತೆ, ಕತ್ತರಿ ಯಾರು ಬೇಕಾದ್ರೂ ಹಿಡೀಬಹುದು,” ಎಂದರು ಯಜಮಾನರು.

ಅಕ್ಕನ ಮುಖ ಸಪ್ಪಗಾಯಿತು. ಆದರೂ ಕಂಪ್ಯೂಟರ್ ಕೊಟ್ಟ ಅಳತೆಯ ಚೀಟಿ ತೆಗೆದುಕೊಂಡರು. ಒಂದು ನಿಲುವಂಗಿಗೆ ನೂರ ನಲವತ್ತೈದು ಸೆಂಟಿಮೀಟರ್. ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿತ್ತು. ಅಕ್ಕ ಎಂದಿನಂತೆ ಪತ್ರಿಕೆ ಕತ್ತರಿಸಿದರು. ಮುಂಭಾಗಕ್ಕೆ ಎಪ್ಪತ್ತು, ಅಂಚು ಮಡಿಕೆಗೆ ಐದು. ಬೆನ್ನಿಗೆ ಉಳಿದದ್ದು ಬರೀ ಎಪ್ಪತ್ತು, ಮಡಿಕೆಗೆ ಒಂದೆಳೆಯೂ ಇಲ್ಲ.

ಸುಮ್ಮನೆ ಕತ್ತರಿ ಆಡಿಸಿದ್ದರೆ ಕಂಪ್ಯೂಟರಿನ ಮಾನ ಹರಾಜಾಗಿ ಅಕ್ಕನ ಮೇಜು ಅಕ್ಕನಿಗೇ ಉಳಿಯುತ್ತಿತ್ತು. ಆ ಯೋಚನೆ ಬಂತು ಕೂಡ. ಬರದೇ ಇರಲು ಅವರೇನು ಕಲ್ಲೇ? ಆದರೆ ಬಟ್ಟೆ ಹಾಳುಮಾಡುವುದು ಆ ಕೈಗೆ ಬರುತ್ತಿರಲಿಲ್ಲ. ಯಜಮಾನರು ಹೊರಗೆ ಹೋದ ಹೊತ್ತು ನೋಡಿ ಸೊಸೆಯ ಬಳಿ ಹೋದರು.

“ಸರಿಯಾಗೇ ಹಾಕಿದೀನಲ್ಲಕ್ಕ,” ಎಂದು ಅವಳು ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದಳು. “ಎರಡು ಇಂಟು ಉದ್ದ, ಪ್ಲಸ್ ಮಡಿಕೆ.”

“ಅದು ಉದ್ದಾನ ಮೊದಲು ಎರಡು ಮಾಡ್ಬಿಟ್ಟಿದೆ. ಮಡಿಕೆ ಒಂದೇ ಸಲ ಸೇರಿದೆ. ಬೆನ್ನಿಗೆಲ್ಲಿ?” ಅಕ್ಕ ತುಟಿಯಿಂದ ಎರಡು ಪಿನ್ನು ತೆಗೆದು, ‘ಉದ್ದ’ದ ಎಡಕ್ಕೊಂದು, ‘ಮಡಿಕೆ’ಯ ಬಲಕ್ಕೊಂದು ಚುಚ್ಚಿದರು. “ಇದಿಷ್ಟೂ ಒಂದೇ ತುಂಡು. ಮೊದಲು ಸೇರಿಸು, ಆಮೇಲೆ ಎರಡು ಮಾಡು.”

ಸೊಸೆ ಕಂಪ್ಯೂಟರಿನಲ್ಲಿ ಪಿನ್ನು ಇದ್ದ ಜಾಗಕ್ಕೆ ಬ್ರಾಕೆಟ್ ಹಾಕಿದಳು. ನೂರ ಐವತ್ತು ಬಂತು. ಎಲ್ಲ ಸಾಲುಗಳಿಗೂ ಹಾಕಿದಳು.

“ಯಾರಿಗೂ ಹೇಳೋದು ಬೇಡ,” ಎಂದು ಹೇಳಿ ಅಕ್ಕ ಕತ್ತರಿಗೆ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ನಾಳೆ ಅದು ಇನ್ನೊಬ್ಬರ ಪಾಲು.

ಬೆಳಿಗ್ಗೆ ಅಕ್ಕ ಗುಂಡಿಯ ಮೇಜಿಗೆ ಹೋದರೆ ಅಲ್ಲಿ ಅವರಿಗೆ ಕುರ್ಚಿಯೇ ಇರಲಿಲ್ಲ. ಕತ್ತರಿಯ ಮೇಜಿನ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸೊಸೆ ಕೂತಿದ್ದಳು.

“ಮಾವನಿಗೆ ಎಲ್ಲಾ ಹೇಳಿದೆ,” ಎಂದಳು. “ನೀವು ನೋಡದೆ ಒಂದು ಅಳತೇನೂ ಇಲ್ಲಿಂದ ಹೋಗಲ್ಲ ಅಕ್ಕ.”

ಅಕ್ಕನ ಕಣ್ಣು ತುಂಬಿತು. ಪೆಟ್ಟಿಗೆಯಿಂದ ಕತ್ತರಿ ತೆಗೆದು, ಪರದೆಯತ್ತ ಬಗ್ಗಿದರು.

“ಪಿನ್ನು ಚುಚ್ಚಿದೀಯಾ, ತಾಯಿ?”