ತಂಗಿಗೆ ತಡವಾಗಿ ತೇದ ಬಜೆ

ನಮ್ಮ ಕಡೆ ಕೂಸು ಹುಟ್ಟಿದರೆ ಬಜೆಬೇರನ್ನು ತಾಯಿಯ ಎದೆಹಾಲಿನಲ್ಲಿ ತೇದು ನಾಲಿಗೆಗೆ ಸವರುತ್ತಾರೆ. ಮಾತು ಬೇಗ ಬರುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ನಂಬಿಕೆ. ನನ್ನ ತಂಗಿಗೆ ಬಜೆ ತೇಯಲಿಲ್ಲ. ಅವಳನ್ನು ಹೆತ್ತ ದಿನವೇ ಅವ್ವ ತೀರಿಕೊಂಡಳು. ಅಜ್ಜಿ ಮೇಕೆಹಾಲು ಹಾಕಿ ಸಾಕಿದಳು. ತಂಗಿ ನಡೆದದ್ದು ತಡ, ಮಾತಾಡಿದ್ದು ಇನ್ನೂ ತಡ. ಮೈನೆರೆದ ಮೇಲೂ ಬುದ್ಧಿ ಮಗುವಿನದೇ ಆಗಿತ್ತು.

"ಬಜೆ ಕಾಣ್ದಿರೋ ನಾಲ್ಗೆ ಕಣವ್ವ, ಅದ್ರುದೇನು ತಪ್ಪು" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಭೇರ್ಯದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳನ್ನು ಬೇಡವೆಂದವರಿಲ್ಲ. ಯಾರ ಮನೆಯಲ್ಲಿ ಭತ್ತ ಕುಟ್ಟಿದರೂ ಒನಕೆಗೆ ಕೈ ಕೊಡಲು ಅವಳಿರುತ್ತಿದ್ದಳು. ನಾಟಿಯ ಕಾಲದಲ್ಲಿ ಹೆಂಗಸರದು ಒಂದು ಆಟ. "ಬಿಳಿಕೆರೆಯಿಂದ ನಿನ್ ಗಂಡು ಗಾಡಿ ಕಟ್ಕಂಡು ಬತ್ತಾವ್ನೆ ಕಣೇ, ಏರಿ ಮ್ಯಾಲೆ ಓಗಿ ನಿಂತ್ಕೊ" ಅನ್ನುವರು. ಅವಳು ಮುಖ ತೊಳೆದು ಕೆರೆಯೇರಿಯ ಮೇಲೆ ನಿಲ್ಲುವಳು. ಹೊತ್ತು ಮುಳುಗಿದ ಮೇಲೆ ನಗುತ್ತಲೇ ಬಂದು, ನಾಳೆ ಬರಬಹುದು ಎಂದು ಉಣ್ಣಲು ಕೂರುವಳು. ಏರಿಗೆ ಹೊರಟವಳಿಗೆ ಕನಕಾಂಬರ ಮುಡಿಸುತ್ತಿದ್ದವಳು ನಾನು. ಮುಡಿಸಿ, ಅತ್ತ ತಿರುಗಿ ನಗುತ್ತಿದ್ದವಳೂ ನಾನೇ.

ಮದುವೆಯಾಗಿ ಪಿರಿಯಾಪಟ್ಟಣದ ಕಡೆ ಹೋದ ಮೇಲೆ ಅದು ಒಳಗೊಳಗೇ ಚುಚ್ಚತೊಡಗಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಅಜ್ಜಿ ನನ್ನ ಕೂಸಿಗೆ ಬಜೆ ತೇಯಲು ಕಲ್ಲು ತಂದಿಟ್ಟಾಗ, ಅವ್ವ ಕೊಡಲಾಗದೆ ಹೋದದ್ದನ್ನು ನಾನು ಕೊಡಬಹುದಲ್ಲ ಅನ್ನಿಸಿತು. ನನ್ನ ಎದೆಯಲ್ಲಿ ಹಾಲಿತ್ತು. ಬೆಳಿಗ್ಗೆ ಕೂಸಿಗೆ ಸವರಿ ಉಳಿದದ್ದನ್ನು ತಂಗಿಯ ನಾಲಿಗೆಗೂ ಸವರಿದೆ. ಖಾರಕ್ಕೆ ಮುಖ ಹಿಂಡಿದಳು. ಆದರೂ ಮರುದಿನ ತಾನೇ ಬಂದು ನಾಲಿಗೆ ಚಾಚಿದಳು.

ಬಾಣಂತಿಗೆ ಬೇರೆ ಕೆಲಸವೇನು? ಮೊರದಲ್ಲಿ ರಾಗಿ ಹರಡಿ, ಶಾಲೆಯಲ್ಲಿ ಕಲಿತಿದ್ದ ಅಷ್ಟಿಷ್ಟನ್ನು ಅವಳ ಬೆರಳು ಹಿಡಿದು ತಿದ್ದಿಸಿದೆ. ಯಾರು ಏನಂದರು, ಹಾಗೆ ಏಕೆ ಅಂದರು ಎಂದು ಕೆಣಕಿ ಕೆಣಕಿ ಹೇಳಿಸಿದೆ. ಬೇರಿನಿಂದಲೋ, ಈ ತಿದ್ದಾಟದಿಂದಲೋ, ಅವಳು ಚುರುಕಾದಳು. ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಡತೊಡಗಿದಳು. ಅಜ್ಜಿ ದೃಷ್ಟಿ ತೆಗೆದಳು. ನನಗೆ ಹೆಮ್ಮೆಯೋ ಹೆಮ್ಮೆ.

ಆ ವರ್ಷದ ನಾಟಿಯಲ್ಲಿ ಹೆಂಗಸರು ಮತ್ತೆ ಗಂಡಿನ ಸುದ್ದಿ ತೆಗೆದರಂತೆ. ತಂಗಿ ಪೈರಿನ ಕಟ್ಟು ಹಿಡಿದುಕೊಂಡೇ ಅವರ ಮುಖಗಳನ್ನು ನೋಡಿದಳಂತೆ. ಕಾಲಿನ ಕೆಸರು ತೊಳೆಯದೆ ಮನೆಗೆ ಬಂದು, ಕೂಸಿಗೆ ಹಾಲೂಡಿಸುತ್ತಿದ್ದ ನನ್ನ ಮುಂದೆ ಕುಳಿತಳು.

"ಆ ಗಂಡು ಇರ್ಲೇ ಇಲ್ಲ, ಅಲ್ವೇನಕ್ಕ?"

ನಾನು ಕೂಸಿನ ಮುಖವನ್ನೇ ನೋಡುತ್ತಿದ್ದೆ.

"ನಿಂಗೂ ಗೊತ್ತಿತ್ತು. ಊವ ಮುಡಿಸ್ತಿದ್ದೆ."

ಆಮೇಲೆ ಅವಳು ಯಾರ ಮನೆಗೂ ಹೋಗಲಿಲ್ಲ. ಕರೆಯಲು ಬಂದವರ ನಗುವಿನಲ್ಲೂ ಏನೋ ಹುಡುಕುವಳು. ನಾನು ಹತ್ತಿರ ಹೋದರೆ ತಲೆಯ ಮೇಲೆ ಕೈಯಿಟ್ಟು ಮುಡಿ ಮುಟ್ಟಿಕೊಳ್ಳುವಳು.

ಮಾರನೆಯ ಮಳೆಗಾಲ ಅವಳಿಗೆ ಚಳಿಜ್ವರ ಹಿಡಿಯಿತು. ಸುದ್ದಿ ತಿಳಿದು ಗಂಡನ ಮನೆಯಿಂದ ಬಂದಾಗ ಗೋಡೆಗೆ ಮುಖಮಾಡಿ ಮಲಗಿದ್ದಳು, ಕೆಮ್ಮು ಬೇರೆ. ಕೆಮ್ಮಿಗೂ ಒಳ್ಳೆಯದೆಂದು ಅಜ್ಜಿ ಬಜೆ ತೇದು ಕೊಟ್ಟಳು. ಬೆರಳಿಗೆ ತೆಗೆದುಕೊಂಡು ಅವಳ ಬಾಯಿಯ ಹತ್ತಿರ ಹಿಡಿದೆ, ಮೊದಲಿನಂತೆ ನಾಲಿಗೆ ಚಾಚುತ್ತಾಳೆಂದು. ಅವಳು ತುಟಿ ಬಿಗಿದು ನನ್ನ ಕೈಯನ್ನು ಮೆತ್ತಗೆ ಸರಿಸಿದಳು.

"ಬ್ಯಾಡ ಬುಡಕ್ಕ. ತಿಳ್ದಿದ್ದೇ ಸಾಕು."

ಮತ್ತೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಬೆರಳಿನ ಮೇಲಿದ್ದದ್ದು ಒಣಗಿ ಉದುರುವವರೆಗೂ ನಾನು ಅವಳ ಪಕ್ಕ ಹಾಗೇ ಕುಳಿತಿದ್ದೆ.