ನಿಂಬೆಹಣ್ಣಿನ ಶೆಡ್ಡಿನಲ್ಲಿ ಟರ್ಬೊ

ನಾನು ಇಂಡಿ ತಾಲೂಕಿನ ನಿಂಬೆತೋಟದವನು, ಹೆಸರು ಸಿದ್ದಲಿಂಗ. ನಾನು ಮೋಪೆಡ್ಡಿನಲ್ಲಿ ಹೊರಟರೆ ಎಮ್ಮೆಗಳು ನನ್ನನ್ನು ಹಿಂದೆ ಹಾಕುತ್ತವೆ. ಕಾರಿನಲ್ಲಿ ಕೂತರೆ ವಾಂತಿ. ಇಂಥವನಿಗೆ ಗಂಟುಬಿದ್ದವಳು ಜಯಮಾಲಾ, ಸಿಂದಗಿಯ ಗ್ಯಾರೇಜಿನಲ್ಲಿ ಅಪ್ಪನ ಜೊತೆ ಎಂಜಿನ್ ಬಿಚ್ಚುತ್ತಲೇ ಬೆಳೆದವಳು. ತವರಿನಿಂದ ಬರುವಾಗ ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಹೊತ್ತು ತಂದಳು.

ಆಮೇಲೆ ಹಳೆಯದೊಂದು ಕೆಂಪು ಸಣ್ಣ ಕಾರು ತಂದು, ಹಣ್ಣು ಆರಿಸುವ ನಮ್ಮ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದಳು. ಅವತ್ತಿನಿಂದ ನೆಮ್ಮದಿ ಹಾಳಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಶುದ್ಧ ಸುಳ್ಳು. ನಮ್ಮ ಮನೆಯಲ್ಲಿ ಅಷ್ಟು ನಗು ಹಿಂದೆಂದೂ ಇರಲಿಲ್ಲ. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಅದಕ್ಕೆ ಮೊದಲೇ ಇತ್ತು. ಅದನ್ನು ಕಿತ್ತು ದೊಡ್ಡದನ್ನು ಕೂಡಿಸಿದಳು. ಲ್ಯಾಪ್‌ಟಾಪ್ ಜೋಡಿಸಿ, ಪೆಟ್ರೋಲು ಯಾವಾಗ ಎಷ್ಟು ಸುರಿಯಬೇಕೆಂದು ಎಂಜಿನ್ನಿಗೆ ಹೊಸದಾಗಿ ಹೇಳಿಕೊಟ್ಟಳು. ತಣ್ಣನೆಯ ಗಾಳಿ ಸಿಗಲೆಂದು ಮುಂದಿನ ಬಂಪರಿಗೆ ತೂತು ಕೊರೆದು ಪೈಪು ಹಾಯಿಸಿದಳು. ಎಕ್ಸಿಲರೇಟರ್ ತುಳಿದು ಬಿಟ್ಟರೆ ಕಾರು ಪುಸ್ಸೆಂದು ಸೀನುತ್ತಿತ್ತು, ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ತಿರುಗಿ ನೋಡುತ್ತಿತ್ತು.

ನಮ್ಮವ್ವ ಹೊನ್ನವ್ವನಿಗೆ ಮಾತ್ರ ಶೆಡ್ಡಿನ ಚಿಂತೆ. ಕಾರಿಗೆ ನೆರಳು, ಹಣ್ಣಿಗೆ ಬಿಸಿಲು ಎಂಬಂತಾಗಿತ್ತು. ಆಲಮೇಲದ ಕಾರಿನ ಓಟ ಹತ್ತಿರ ಬಂದಾಗ ಅವ್ವ ಸೊಸೆಗೆ ಷರತ್ತು ಹಾಕಿದಳು.

"ಜಯಾ, ಆಲಮೇಲದಾಗ ಆ ನಿಯಾಜನ ಗಾಡಿ ಹಿಂದ ಹಾಕು, ಶೆಡ್ ನಿಂದು. ಆಗಲಿಲ್ಲಂದ್ರ ಕಾರ್ ಹೊರಗ, ಹಣ್ಣು ಒಳಗ."

"ಆತ್ರಿ ಅತ್ತಿಯವರ," ಎಂದಳು ಜಯಮಾಲಾ.

ಆಲಮೇಲದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಿದೆ. ಹಂಗಾಮು ಮುಗಿದ ಮೇಲೆ ಕಬ್ಬಿನ ಟ್ರ್ಯಾಕ್ಟರು ನಿಲ್ಲುವ ಅದರ ಬಯಲು ಖಾಲಿ ಬೀಳುತ್ತದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾರಿನ ಹುಚ್ಚರು ಅಪ್ಪಣೆ ಪಡೆದು ಅಲ್ಲಿ ಸೇರುತ್ತಾರೆ. ಒಂದೊಂದೇ ಕಾರು ಆ ತುದಿ ಮುಟ್ಟಿ ಬರಬೇಕು. ಬೇಗ ಬಂದವರು ಗೆದ್ದಂತೆ. ಸಿಂದಗಿಯ ನಿಯಾಜನನ್ನು ಅಲ್ಲಿ ಯಾರೂ ಸೋಲಿಸಿರಲಿಲ್ಲ.

ಓಟದ ಹಿಂದಿನ ದಿನ ಅಮಾವಾಸ್ಯೆ. ಅವತ್ತು ಗಾಡಿ ಪೂಜಿಸಿ, ದೃಷ್ಟಿಯಾಗದಂತೆ ಮುಂದೆ ನಿಂಬೆಹಣ್ಣು ಕಟ್ಟುವುದು ನಮ್ಮ ಕಡೆಯ ಪದ್ಧತಿ. ಬೇರೆಯವರು ಒಂದು ಹಣ್ಣು ಕಟ್ಟುತ್ತಾರೆ. ತೋಟವಿರುವ ನಮ್ಮವ್ವ ದಪ್ಪದಪ್ಪ ಹಣ್ಣು ಆರಿಸಿ ಮಾಲೆಯನ್ನೇ ಪೋಣಿಸಿ ಬಂಪರಿಗೆ ಇಳಿಬಿಟ್ಟಳು. ಷರತ್ತು ಹಾಕಿದವಳಿಗೆ ಸೊಸೆಯ ಮೇಲೆ ಇಷ್ಟು ಪ್ರೀತಿ!

ಮೂವರೂ ಅದೇ ಕಾರಿನಲ್ಲಿ ಹೋದೆವು. ನನ್ನ ಹೊಟ್ಟೆಗೆ ಹೆದರಿ ದಾರಿಯುದ್ದಕ್ಕೂ ಜಯಮಾಲಾ ಮೆಲ್ಲಗೆ ಓಡಿಸಿದಳು.

ನಿಯಾಜ ಮೊದಲು ಓಡಿ ಬಂದ. ಆಮೇಲೆ ನಮ್ಮ ಕಾರು ಚಂಗನೆ ಹಾರಿತು. ನಾನು ಟವೆಲ್ ಬೀಸಬೇಕೆನ್ನುವಷ್ಟರಲ್ಲಿ ಮೂಗು ಮುಚ್ಚಿದವರ ಹಾಗೆ ಉಸಿರುಕಟ್ಟಿ ನಿಂತುಬಿಟ್ಟಿತು. ಬಾನೆಟ್ ಎತ್ತಿದರೆ ಎಲ್ಲ ಸರಿ. ಕೀಲಿ ತಿರುವಿದರೆ ಸಾಧುವಾಗಿ ಗುರುಗುಡುತ್ತದೆ. ಜೋರು ತುಳಿದರೆ ಮತ್ತೆ ಅದೇ ಹಾಡು. ಜಯಮಾಲಾ ನೆಲಕ್ಕೆ ಕೂತು ಲ್ಯಾಪ್‌ಟಾಪ್ ಕುಟ್ಟತೊಡಗಿದಳು. ಅವಳ ಮುಖ ಸಣ್ಣದಾಗಿದ್ದನ್ನು ನೋಡಿ ನನಗೆ ಅಳುವೇ ಬಂತು. ಶೆಡ್ಡು ಹೋದರೆ ನಗುವೂ ಹೋಗುತ್ತದೆ.

ನಿಂತಲ್ಲೇ ಇನ್ನೊಮ್ಮೆ ಎಂಜಿನ್ ಎಬ್ಬಿಸಿ ನೋಡಿದಳು. ಮಾಲೆ ಸರಿಪಡಿಸಲೆಂದು ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವ್ವ ಕೂಗಿದಳು: "ಜಯಾ, ನಿನ್ನ ಕಾರ್ ನನ್ನ ನಿಂಬಿಹಣ್ಣು ನುಂಗಾಕತ್ತೈತಿ."

ಎಲ್ಲರೂ ಬಗ್ಗಿ ನೋಡಿದೆವು. ಎಂಜಿನ್ ಜೋರಾಗಿ ಗಾಳಿ ಎಳೆದಾಗ ಮಾಲೆಯ ನಡುವಿನ ಹಣ್ಣು ಪೈಪಿನ ಬಾಯಿಗೆ ಬಿರಡೆಯಾಗಿ ಕೂರುತ್ತಿತ್ತು. ಎಂಜಿನ್ ನಿಂತರೆ ಏನೂ ಅರಿಯದಂತೆ ಜಾರಿ ಮತ್ತೆ ಜೋತಾಡುತ್ತಿತ್ತು. ಜಯಮಾಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಿಚ್ಚತೇನ್ರಿ ಅತ್ತಿಯವರ."

"ಹಣ್ಣಿಲ್ಲದ ಗಾಡಿ ಮುಂದ ಹೋಗಂಗಿಲ್ಲ. ತಾ ಇಲ್ಲೆ, ನಾನ ಹಿಡಕೊಂಡು ಒಳಗ ಕೂಡತೇನಿ."

ಅರ್ಧಕ್ಕೆ ನಿಂತ ಓಟ ಲೆಕ್ಕಕ್ಕಿಲ್ಲವೆಂದು ಎಲ್ಲರೂ ಒಪ್ಪಿದರು, ಯಾರೋ ಹೆಲ್ಮೆಟ್ ಕೊಟ್ಟರು. ಅವ್ವ ಅದನ್ನು ಹಾಕಿಕೊಂಡು, ಅದರ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಮಾಲೆಯಿಟ್ಟುಕೊಂಡು ಕೂತಳು. ಬೆಲ್ಟು ಬಿಗಿದದ್ದು ನಾನು. ಕಾರು ಧೂಳಿನಲ್ಲಿ ಮಾಯವಾಯಿತು. ಆ ತುದಿಯಿಂದ ತಿರುಗಿ ಬರುವಾಗ ಎಂಜಿನ್ನಿಗಿಂತ ಜೋರಾಗಿ ಅವ್ವನ ಕೇಕೆ ಕೇಳಿಸಿತು.

ಓಟ ಮುಗಿದಾಗ ನಿಯಾಜ ಕೈಯಲ್ಲಿದ್ದ ಗಡಿಯಾರ ತೋರಿಸಿದ. "ಕೂದಲೆಳಿಯಷ್ಟು ಹಿಂದ ಬಿದ್ರಿ ಅಕ್ಕಾರ."

ಜಯಮಾಲಾ ಸ್ಟೇರಿಂಗ್ ಹಿಡಿದೇ ತಲೆ ತಗ್ಗಿಸಿದಳು. "ಸೋತೆನ್ರಿ ಅತ್ತಿಯವರ. ನಾಳೆ ಕಾರ್ ಹೊರಗ ಹಾಕತೇನಿ."

ನಿಯಾಜ ಒಳ್ಳೆಯ ಹುಡುಗ. ಬಾಗಿಲು ತೆಗೆದು ಹಿಡಿದ. "ದೊಡ್ಡವ್ವಾರ, ನೀವಿಳೀರಿ. ನಿಮ್ಮ ತೂಕ ಇಲ್ಲಂದ್ರ ಅಕ್ಕಾರ ನನ್ನ ಹಿಂದ ಹಾಕತಾರ. ಇನ್ನೊಮ್ಮಿ ಹೋಗಲಿ."

ಅವ್ವ ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನತ್ತ ನೋಡಿದಳು.

"ಸಿದ್ದ್ಯಾ, ಹಣ್ಣಿಗೆ ಅಂಗಳದಾಗ ಚಪ್ಪರ ಹಾಕಸು. ಶೆಡ್ ಆಕಿದು." ಆಮೇಲೆ ತಾನೇ ಬಾಗಿಲು ಎಳೆದುಕೊಂಡಳು. "ಇನ್ನ ನಾ ಯಾಕ ಇಳೀಲಿ? ಜಯಾ, ಹೊಡಿ."